ಆ ನೋಟ್‌ಬುಕ್ ಯಾರಿಗೆ ಬರ್ದಿದ್ದು ಅಂತ ಅಮ್ಮ ಕೇಳಿದ್ಲು

ಹೋದ ತಿಂಗಳು ತಂಗಿ ಮಗಳು ರಜಕ್ಕೆ ಬಂದಿದ್ಲು, ಫಸ್ಟ್ ಪಿಯುಸಿ ಅವಳು. ಇಬ್ರೂ ಚರ್ಚ್ ಸ್ಟ್ರೀಟಲ್ಲಿ ಹಳೇ ಪುಸ್ತಕದ ಅಂಗಡಿ ಸುತ್ತಿ, ಎಂ.ಜಿ. ರೋಡಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಲ್ಲಿ ಗ್ರೀನ್ ಲೈನಿಗೆ ಬದ್ಲಾಯಿಸ್ಕೊಂಡು ನ್ಯಾಷನಲ್ ಕಾಲೇಜ್ ಸ್ಟೇಷನ್ ಬರೋ ಅಷ್ಟರಲ್ಲಿ ಅವಳು ಕೊಂಡಿದ್ದ ಪುಸ್ತಕದಲ್ಲಿ ಮೂವತ್ತು ಪೇಜ್ ಮುಗ್ಸಿದ್ಲು. ಬೆಂಜಮಿನ್ ಅಲೀರ್ ಸಾಯೆನ್ಸ್ ಬರೆದಿರೋ ‘ಅರಿಸ್ಟಾಟಲ್ ಅಂಡ್ ಡಾಂಟೆ ಡಿಸ್ಕವರ್ ದಿ ಸೀಕ್ರೆಟ್ಸ್ ಆಫ್ ದಿ ಯೂನಿವರ್ಸ್’. ಎರಡು ದಿನ ಬಿಟ್ಟು ರಾತ್ರಿ ನನ್ನ ರೂಮಿಗೆ ಬಂದು, ಕಣ್ಣೆಲ್ಲಾ ಕೆಂಪು ಮಾಡ್ಕೊಂಡು, "ದೊಡ್ಡಮ್ಮ, ಇದು ಕನ್ನಡದಲ್ಲಿ ಸಿಗುತ್ತಾ? ಅಜ್ಜಿ ಓದ್ಬೇಕು ಇದನ್ನ" ಅಂದ್ಲು.

ನನ್ನ ವಿಷ್ಯ ಅವಳಿಗೆ ಗೊತ್ತು. ಅಮ್ಮಂಗೂ ಗೊತ್ತು. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು, ಗಂಡು ಗಂಡನ್ನ, ಹೆಣ್ಣು ಹೆಣ್ಣನ್ನ ಪ್ರೀತಿಸೋದು ಅಪರಾಧ ಅಲ್ಲ ಅಂತ ಸೆಕ್ಷನ್ 377ರ ತೀರ್ಪು ಕೊಡ್ತಲ್ಲ, ಅವತ್ತು ರಾತ್ರಿ ಟಿವಿಲಿ ಅದೇ ಬರ್ತಿದ್ದಾಗ ಹೇಳಿಬಿಟ್ಟೆ, ನಾನೂ ಹಾಗೇನೇ ಅಮ್ಮ ಅಂತ. ಅಮ್ಮ ಕೇಳಿಸ್ಕೊಂಡ್ಲು, ಎದ್ದು ಒಳಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದ್ಲು, ಬಂದು ಮಲ್ಕೊಂಡ್ಲು. ಅಲ್ಲಿಂದ ಈಚೆಗೆ ಆ ಮಾತು ನಮ್ಮನೇಲಿ ಬಂದಿಲ್ಲ. ಜಗಳ ಇಲ್ಲ, ಅಳು ಇಲ್ಲ, ನನ್ನ ಊಟ ತಿಂಡಿ ಎಲ್ಲಾ ಮೊದ್ಲಿಗಿಂತ ಜಾಸ್ತಿನೇ ನೋಡ್ಕೋತಾಳೆ, ಆದ್ರೆ ಆ ಮಾತು ಮಾತ್ರ ಇಲ್ಲ.

ಈ ಪುಸ್ತಕ ನನ್ನನ್ನ ಹಿಡ್ಕೊಂಡಿದ್ದೂ ಅದಕ್ಕೇನೇ. ಕಥೆ ಶುರುವಾಗೋದು 1987ರಲ್ಲಿ, ಅಮೆರಿಕಾದ ಟೆಕ್ಸಸ್‌ನಲ್ಲಿ ಮೆಕ್ಸಿಕೋ ಗಡಿಗೆ ಅಂಟ್ಕೊಂಡಿರೋ ಎಲ್ ಪಾಸೋ ಅನ್ನೋ ಊರಲ್ಲಿ. ಆರಿ ಅಂದ್ರೆ ಅರಿಸ್ಟಾಟಲ್, ಹದಿನೈದು ವರ್ಷದ ಹುಡುಗ, ಈಜು ಬರಲ್ಲ, ಸ್ವಿಮ್ಮಿಂಗ್ ಪೂಲಲ್ಲಿ ಡಾಂಟೆ ಸಿಕ್ಕಿ ನಾನು ಕಲಿಸ್ತೀನಿ ಅಂತಾನೆ. ಡಾಂಟೆ ಕವಿತೆ ಹುಚ್ಚಿನ ಹುಡುಗ, ಅವರಪ್ಪ ಇಂಗ್ಲಿಷ್ ಪ್ರೊಫೆಸರು, ಮನೇಲಿ ಎಲ್ಲಿ ನೋಡಿದ್ರೂ ಪುಸ್ತಕ. ಆರಿ ಅಪ್ಪ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದೋರು, ಬಾಯೇ ಬಿಡಲ್ಲ. ಆರಿಗೊಬ್ಬ ಅಣ್ಣ ಇದ್ದಾನೆ, ಜೈಲಲ್ಲಿ, ಅವನ ಒಂದೇ ಒಂದು ಫೋಟೋನೂ ಮನೇಲಿಲ್ಲ, ಹೆಸರೂ ಎತ್ತಲ್ಲ. ಆರಿಗೆ ಡಾಂಟೆ ಮೇಲೆ ಪ್ರೀತಿ ಹುಟ್ಟಿದ್ದು ಆರಿಗೇ ಗೊತ್ತಾಗಲ್ಲ, ಯಾಕಂದ್ರೆ ಆ ಮನೇಲಿ ಯಾವುದಕ್ಕೂ ಹೆಸರಿಟ್ಟು ಮಾತಾಡಿ ಅಭ್ಯಾಸ ಇಲ್ಲ. ಕೊನೆಗೆ ಏನಾಗುತ್ತೆ ಅಂತ ಹೇಳ್ಬಿಡ್ತೀನಿ, ಓದಿಲ್ದೇ ಇರೋರು ಕ್ಷಮಿಸಿ, ಅದನ್ನ ಹೇಳ್ದೆ ಈ ಪೋಸ್ಟಿಗೆ ಅರ್ಥ ಇಲ್ಲ. ಅಪ್ಪ ಅಮ್ಮನೇ ಮಗನನ್ನ ಎದುರಿಗೆ ಕೂರಿಸ್ಕೊಂಡು, ನೀನು ಆ ಹುಡುಗನ್ನ ಪ್ರೀತಿಸ್ತಿದೀಯ ಕಣೋ, ಓಡೋದು ಸಾಕು ಅಂತ ಹೇಳ್ತಾರೆ. ಮಗ ಬಾಯ್ಬಿಡೋಕೆ ಮುಂಚೆ ದೊಡ್ಡೋರು ಬಾಯ್ಬಿಡ್ತಾರೆ. ನಾನು ಆ ಪೇಜಲ್ಲಿ ಪುಸ್ತಕ ಮುಚ್ಚಿಟ್ಟು ಟೆರೇಸಿಗೆ ಹೋಗಿ ನಿಂತಿದ್ದೆ ಎಷ್ಟೋ ಹೊತ್ತು. ಇದನ್ನ ಬರೆದವರು ಒಂದು ಕಾಲದಲ್ಲಿ ಪಾದ್ರಿ ಆಗಿದ್ದೋರು, ಕವಿ, ಹುಟ್ಟಿದ್ದು 1954, ತಾನು ಗೇ ಅಂತ ಹೊರಗೆ ಹೇಳ್ಕೊಂಡಿದ್ದು ಐವತ್ತು ದಾಟಿದ ಮೇಲೆ, ಪುಸ್ತಕ ಬಂದಿದ್ದು 2012ರಲ್ಲಿ. ಅಷ್ಟು ವರ್ಷ ಒಬ್ಬ ಮನುಷ್ಯ ಕೇಳಿಸ್ಕೋಬೇಕು ಅಂತ ಆಸೆ ಪಟ್ಟ ಮಾತು ಅದು ಅಂತ ನಂಗನ್ಸುತ್ತೆ.

ಈಗ ಕವಿತೆ ವಿಷ್ಯಕ್ಕೆ ಬರ್ತೀನಿ. ನಮ್ಮನೇಲಿ ಭಾನುವಾರ ಬೆಳಿಗ್ಗೆ ಅಪ್ಪ ‘ಮೈಸೂರ ಮಲ್ಲಿಗೆ’ ಜೋರಾಗಿ ಓದ್ತಿದ್ರು. ಕೆ.ಎಸ್.ನ. ಅವರ ಆ ಪುಸ್ತಕ 1942ರದ್ದು, ನಮ್ಮನೇಲಿದ್ದ ಪ್ರತಿ ಬೈಂಡ್ ಕಿತ್ತೋಗಿ ದಾರ ನೇತಾಡ್ತಿತ್ತು. ಅಮ್ಮ ಅಡುಗೆ ಮನೇಲಿ ಹುಳಿಗೆ ಒಗ್ಗರಣೆ ಹಾಕ್ತಾ ಮುಂದಿನ ಸಾಲು ಹೇಳೋಳು. ಬಳೆಗಾರ ಚೆನ್ನಯ್ಯ ನಮ್ಮನೆ ನೆಂಟ ಅಂತಾನೇ ನಾನು ಅನ್ಕೊಂಡಿದ್ದೆ ಚಿಕ್ಕವಳಿದ್ದಾಗ. ಗಂಡ ಹೆಂಡ್ತಿ ಪ್ರೀತಿನ ಅಷ್ಟು ಚೆನ್ನಾಗಿ ಹೇಳಿರೋ ಕವಿತೆಗಳನ್ನೇ ಕೇಳಿ ಬೆಳ್ದು ನಾನು ಪಿಯುಸಿಲಿ ಪಕ್ಕದ ಬೆಂಚಿನ ಹುಡುಗಿಗೆ ಕವಿತೆ ಬರ್ದೆ. ಒಂದು ನೋಟ್‌ಬುಕ್ ತುಂಬಾ. ಅಮ್ಮಂಗೆ ಅದು ಸಿಕ್ತು. "ಯಾರಿಗೇ ಇದು ಬರ್ದಿರೋದು?" ಅಂದ್ಲು. ನಾನು "ದೇವರಿಗೆ" ಅಂದೆ.

ಅಮ್ಮ ನಂಬಿದ್ಲು, ಅಥವಾ ನಂಬೋಕೆ ಅವಳಿಗೂ ಅದು ಸಾಕಾಗಿತ್ತು. ಯಾಕೆ ಸಾಕಾಯ್ತು ಅಂದ್ರೆ ನಮ್ಮ ಭಾಷೆಲಿ ಅದಕ್ಕೆ ಜಾಗ ಇತ್ತು. ಬರೀ ನಾನು, ನೀನು ಅಂತ ಬರೆದ್ರೆ ಕನ್ನಡದಲ್ಲಿ ಗಂಡು ಹೆಣ್ಣು ಗೊತ್ತಾಗಲ್ಲ ನೋಡಿ. ಹನ್ನೆರಡನೇ ಶತಮಾನದಲ್ಲೇ ಉರಿಲಿಂಗದೇವ ಗಂಡಸಾಗಿದ್ದು ತಾನು ಹೆಂಡ್ತಿ, ಲಿಂಗ ಗಂಡ ಅಂತ ಮೈ ಬಿಸಿಯಾಗೋ ಥರ ವಚನ ಹೇಳಿದ್ದಾರೆ. ಮೊಲೆ ಮುಡಿ ಬಂದ್ರೆ ಹೆಣ್ಣು ಅಂತಾರೆ, ಗಡ್ಡ ಮೀಸೆ ಬಂದ್ರೆ ಗಂಡು ಅಂತಾರೆ, ನಡುವೆ ಸುಳಿಯೋ ಆತ್ಮ ಎರಡೂ ಅಲ್ಲ ಅಂತ ದಾಸಿಮಯ್ಯ ಹೇಳಿದ್ದನ್ನ ಸ್ಕೂಲಲ್ಲಿ ಬಾಯಿಪಾಠ ಮಾಡ್ಸಿ, ಅದು ದೇವರ ವಿಷ್ಯ ಅಂತ ಮಾತ್ರ ಅರ್ಥ ಹೇಳಿಕೊಟ್ರು ನಮಗೆ. ತಪ್ಪು ಅನ್ನಲ್ಲ ನಾನು, ಭಕ್ತಿ ಭಕ್ತಿನೇ, ಅದನ್ನ ನಮ್ಮ ಇವತ್ತಿನ ಹೆಸರಿಗೆ ಎಳೆದು ಕಟ್ಟೋದೂ ಸರಿಯಲ್ಲ. ಆದ್ರೆ ಹದಿನೇಳು ವರ್ಷದ ನಂಗೆ ಉಸಿರಾಡೋಕೆ ಇದ್ದ ಕಿಟಕಿ ಅದೊಂದೇ.

ಕವಿತೆಯಿಂದ ಮನೆ ಮಾತಿಗೆ ಬಂದ ತಕ್ಷಣ ಕಷ್ಟ. ಅವನು ಬಂದ, ಅವಳು ಬಂದಳು, ಕ್ರಿಯಾಪದದ ಬಾಲದಲ್ಲೇ ಗುಟ್ಟು ಹೊರಗೆ ಬೀಳುತ್ತೆ. ಆಗ ನಾವೆಲ್ಲಾ ಏನ್ಮಾಡ್ತೀವಿ ಗೊತ್ತಾ, ‘ಅವರು’ ಅಂತೀವಿ. "ಫ್ರೆಂಡ್ ಒಬ್ರು ಬರ್ತಾರಮ್ಮ", "ಅವರು ಫೋನ್ ಮಾಡಿದ್ರು". ಆರು ವರ್ಷ ಜೊತೆಗಿದ್ದವಳನ್ನ ನಾನು ಅಮ್ಮನ ಹತ್ರ ‘ಅವರು’ ಅಂತಾನೇ ಕರ್ದಿದೀನಿ, ಮರ್ಯಾದೆ ಕೊಟ್ಟ ಹಾಗೆ. ಬೆಂಗ್ಳೂರಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಒಬ್ಬೊಬ್ಬ ‘ಅವರು’ ಇರಬಹುದು ಅಂತ ಯೋಚ್ನೆ ಮಾಡಿದ್ರೆ ಹೊಟ್ಟೆಲಿ ಸಂಕಟ ಆಗುತ್ತೆ.

ಅದಕ್ಕೇ ಹೇಳ್ತಿರೋದು, ಇಂಥ ಲವ್ ಸ್ಟೋರಿ ಕನ್ನಡದಲ್ಲಿ ಬರ್ಬೇಕು. ಬೆಂಗ್ಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಓದೋಕೆ ಬೇಕಾದಷ್ಟಿದೆ, ಅವ್ರು ಹುಡುಕ್ಕೋತಾರೆ. ಬೇಕಾಗಿರೋದು ಅವ್ರ ಅಪ್ಪ ಅಮ್ಮಂಗೆ, ಅಜ್ಜಿಗೆ, ಮತ್ತೆ ಕನ್ನಡ ಮೀಡಿಯಮ್ಮಲ್ಲಿ ಓದ್ತಿರೋ, ಫೋನಲ್ಲಿ ಹುಡುಕಿದ್ರೆ ‘ಸಲಿಂಗಕಾಮ’ ಅನ್ನೋ ಒಂದೇ ಪದ ಸಿಗೋ ಆ ಹುಡುಗ ಹುಡುಗಿಗೆ. ಹದಿನಾರು ವರ್ಷದವರಿಗೆ ಮೊದ್ಲು ಆಗೋದು ಪ್ರೀತಿ, ಕೈ ತಾಗಿದ್ರೆ ಎದೆ ಹೊಡ್ಕೊಳ್ಳೋದು. ಅದಕ್ಕೆ ಸಿಗೋ ಪದದಲ್ಲಿ ಮಾತ್ರ ಬರೀ ಕಾಮ ಇದೆ. ಒಬ್ಬ ಗೇ ಹುಡುಗನ ಬದುಕಿನ ಕಥೆಗಳಿರೋ ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಬಂತು, ಅದೇ ವರ್ಷ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟು ನಮ್ಮನ್ನ ಮತ್ತೆ ಅಪರಾಧಿಗಳು ಮಾಡಿತ್ತು. ಆ ಪುಸ್ತಕ ನನ್ನ ಜೀವ ಹಿಡ್ದಿಟ್ಟಿದೆ, ಸುಮ್ನೆ ಹೇಳ್ತಿಲ್ಲ. ಆದ್ರೆ ಅದರಲ್ಲಿ ನೋವು ಬಹಳ, ಇರ್ಲೇಬೇಕು, ನಿಜ ಇದ್ದಿದ್ದೇ ಹಾಗೆ. ತಂಗಿ ಮಗಳ ವಯಸ್ಸಿನವರ ಕೈಗೆ ಕೊಡೋಕೆ, ಕೊನೇಲಿ ಇಬ್ರು ಕೈ ಹಿಡ್ಕೊಂಡು ನಿಲ್ಲೋ ಕಥೆ, ಮಲ್ಲೇಶ್ವರದ್ದೋ ತುಮಕೂರಿಂದೋ, ಅಪ್ಪ ಅಮ್ಮ ಖಳನಾಯಕರಾಗದೇ ಇರೋ ಕಥೆ ನನ್ನ ಹತ್ರ ಇರ್ಲಿಲ್ಲ. ಬರೆಯೋರು ಇಲ್ಲಿ ಬಹಳ ಜನ ಇದೀರ ನನ್ನ ಲಿಸ್ಟಲ್ಲಿ. ದಯವಿಟ್ಟು ಬರೀರಿ.

ಅಲ್ಲಿವರೆಗೂ ನಾನು ಸುಮ್ನೆ ಕೂರೋಕಾಗ್ಲಿಲ್ಲ. ಹೋದ ವಾರದಿಂದ ದಿನಾ ರಾತ್ರಿ ಅಮ್ಮಂಗೆ ಇದನ್ನ ಓದಿ ಹೇಳ್ತಿದೀನಿ, ಇಂಗ್ಲಿಷ್ ನೋಡ್ಕೊಂಡು ಬಾಯಲ್ಲೇ ಕನ್ನಡ ಮಾಡ್ತಾ, ತಂಗಿ ಮಗಳು ಪಕ್ಕದಲ್ಲಿ ಕೂತಿರ್ತಾಳೆ. ಆರಿಗೂ ಡಾಂಟೆಗೂ ‘ಅವನು’ ಅಂತಾನೇ ಓದ್ತೀನಿ. ಈಜು ಕಲಿಯೋ ಭಾಗಕ್ಕೆ ಅಮ್ಮ ನಕ್ಕಳು. ಡಾಂಟೆ ಇನ್ನೊಬ್ಬ ಹುಡುಗನಿಗೆ ಮುತ್ತು ಕೊಟ್ಟಿದ್ದನ್ನ ನೋಡಿ ಹುಡುಗ್ರು ಅವನನ್ನ ಆಸ್ಪತ್ರೆ ಸೇರೋ ಹಾಗೆ ಹೊಡೀತಾರಲ್ಲ, ಅಲ್ಲಿ "ಕೈ ಸೇದ್ಹೋಗಾ" ಅಂತ ಶಾಪ ಹಾಕಿದ್ಲು. ನಿನ್ನೆ ಆರಿಯ ಆಂಟಿ ಒಫೀಲಿಯಾ ವಿಷ್ಯ ಬಂತು. ಆಕೆ ಇನ್ನೊಬ್ಬ ಹೆಂಗಸಿನ ಜೊತೆ ಬದುಕಿದ್ದೋಳು, ಅದೇ ಕಾರಣಕ್ಕೆ ಅವಳು ಸತ್ತಾಗ ಮನೆಯವ್ರು ಮಣ್ಣಿಗೆ ಬರಲ್ಲ, ಆರಿ, ಅವನ ಅಪ್ಪ ಅಮ್ಮ ಮಾತ್ರ ಹೋಗಿರ್ತಾರೆ.

"ಒಡಹುಟ್ಟಿದೋರೂ ಬರ್ಲಿಲ್ವಾ?" ಅಂದ್ಲು ಅಮ್ಮ.

ಇಲ್ಲಮ್ಮ ಅಂದೆ. ಬಹಳ ಹೊತ್ತು ಫ್ಯಾನ್ ಸದ್ದು ಮಾತ್ರ. ಆಮೇಲೆ ಅಮ್ಮ ಕನ್ನಡಕ ತೆಗ್ದು ಸೆರಗಲ್ಲಿ ಒರೆಸ್ಕೊಂಡು, ನನ್ನ ಕಡೆ ನೋಡ್ದೆ, "ನಿನ್ ಫ್ರೆಂಡು, ಅವರು ಅಂತಿದ್ಯಲ್ಲ, ಅವಳ ಹೆಸರೇನೇ?" ಅಂತ ಕೇಳಿದ್ಲು.

ಹೇಳ್ದೆ.