ಅದೃಷ್ಟ ಅಂದರೆ ಹೇಗೆ ಸ್ವಾಮಿ?

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಬಂದ ಲೇಖನದಲ್ಲಿ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ 2024ರ ಅಕ್ಟೋಬರ್ 5ರಂದು ಅಲಬಾಮಾ ತಂಡವನ್ನು 40-35ರಿಂದ ಸೋಲಿಸಿದ್ದನ್ನು ಲೇಖಕರು ‘ಅದೃಷ್ಟದ ಗೆಲುವು’ ಅಂದಿದ್ದಾರಲ್ಲ, ಅದೊಂದನ್ನು ನಾನು ಒಪ್ಪುವುದಿಲ್ಲ. ಶುರುವಿನಲ್ಲೇ ಎದುರಾಳಿಯ ಪಾಸನ್ನು ನಡುವೆಯೇ ಹಿಡಿದು (ಇಂಟರ್‌ಸೆಪ್ಟ್ ಮಾಡಿ), ಕೊನೆಯ ಗೆರೆ ದಾಟಿಸಿ ಹೊಡೆದ ಟಚ್‌ಡೌನನ್ನು ಬೇಕಾದರೆ ಅದೃಷ್ಟ ಅನ್ನಿ. ಆದರೆ 60 ನಿಮಿಷದ ಆಟದಲ್ಲಿ 42 ನಿಮಿಷ ಚೆಂಡನ್ನು ತಮ್ಮ ಹತ್ತಿರವೇ ಇಟ್ಟುಕೊಂಡು, 18 ಥರ್ಡ್ ಡೌನ್‌ಗಳಲ್ಲಿ (10 ಗಜ ಮುಂದೆ ಸಾಗಲು ಸಿಗುವ 4 ಯತ್ನಗಳಲ್ಲಿ ಮೂರನೆಯದು) 12ನ್ನು ದಾಟಿದರು, ಅದು ಸುಮ್ನೆ ಆಗುವ ಕೆಲಸವಾ? ಅವರ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವ ಆಟಗಾರ) ಡಿಯೇಗೊ ಪಾವಿಯಾ ಎಸೆದ 20 ಪಾಸ್‌ಗಳಲ್ಲಿ 16 ಸರಿಯಾಗಿ ಕೈ ಸೇರಿದವು. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಜೇಲೆನ್ ಮಿಲ್ರೋ ಎಷ್ಟೇ ವೇಗವಾಗಿ ಓಡಲಿ, ಚೆಂಡೇ ಸಿಗದಿದ್ದರೆ ಸೈಡ್‌ಲೈನ್‌ನಲ್ಲಿ ನಿಂತು ಏನು ಮಾಡಬೇಕು?

ಇನ್ನು ಅಲಬಾಮಾ ಸೋತಿದ್ದಕ್ಕೆ ಲೇಖಕರು ಕೊಟ್ಟ ‘ಹಿಂದಿನ ವಾರದ ಜಾರ್ಜಿಯಾ ಪಂದ್ಯದ ದಣಿವು’ ಅನ್ನುವ ಮಾತು. ಅಲ್ಲಿ 28-0 ಮುಂದಿದ್ದವರು ಕೊನೆಗೆ ಒದ್ದಾಡಿ 41-34ರಿಂದ ಗೆದ್ದಿದ್ದು ಮರೆತುಹೋಯಿತಾ? ಡಿಫೆನ್ಸ್‌ನ ತೂತು ಆಗಲೇ ಕಾಣಿಸಿತ್ತು, ಗೆಲುವಿನ ಗದ್ದಲದಲ್ಲಿ ಯಾರೂ ನೋಡಲಿಲ್ಲ ಅಷ್ಟೇ. ಹಾಗಂತ ವ್ಯಾಂಡರ್‌ಬಿಲ್ಟ್ ಮಹಾ ತಂಡ ಅನ್ನುತ್ತಿಲ್ಲ, ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಸ್ಟೇಟ್ ಅನ್ನುವ ಬೇರೆ ಸಣ್ಣ ತಂಡದ ಕೈಲಿ ಸೋತವರೇ ಇವರು. ಅದೇ ಶನಿವಾರ ಅರ್ಕಾನ್ಸಾ ತಂಡ 4ನೇ ರ‍್ಯಾಂಕಿನ ಟೆನೆಸಿಯನ್ನು 19-14ರಿಂದ ಕೆಡವಿತು, ಅದಕ್ಕೆ ಲೇಖನದಲ್ಲಿ ಒಂದೇ ಸಾಲು!

ಗೆದ್ದ ಖುಷಿಯಲ್ಲಿ ವ್ಯಾಂಡರ್‌ಬಿಲ್ಟ್ ಅಭಿಮಾನಿಗಳು ಗೋಲ್‌ಪೋಸ್ಟ್ ಕಿತ್ತು ಕಂಬರ್‌ಲೆಂಡ್ ನದಿಗೆ ಎಸೆದಿದ್ದಕ್ಕೆ ಲೇಖಕರು ಬೈದಿದ್ದಾರೆ. ವಿಶ್ವವಿದ್ಯಾಲಯ 1 ಲಕ್ಷ ಡಾಲರ್ ದಂಡ ಕಟ್ಟಬೇಕಾಯಿತು, ನಿಜ. ಆದರೆ 1984ರ ನಂತರ ಅಲಬಾಮಾವನ್ನು ಒಮ್ಮೆಯೂ ಸೋಲಿಸದವರಿಗೆ ಅದೇನು ಜಾಸ್ತಿ ಅಲ್ಲ ಬಿಡಿ.