ಹಸಿರು ಕಣ, ಕೆಂಪು ರಿಬ್ಬನ್

ಮುಂಬಯಿಯ ಕಟ್ಟಡಗಳಲ್ಲಿ ಮನೆಯೊಳಗಿನವರ ಅರ್ಧ ಜಾತಕ ಬಾಗಿಲ ಮೇಲೆಯೇ ಬರೆದಿರುತ್ತದೆ. ಹಿತ್ತಾಳೆಯ ಗಣಪತಿ, ದಸರೆಗೆ ಕಟ್ಟಿ ಅಲ್ಲಿಯೇ ಒಣಗಿದ ಮಾವಿನೆಲೆಯ ತೋರಣ, ಶನಿವಾರ ಶನಿವಾರ ಹೊಸದಾಗುವ ನಿಂಬೆಹಣ್ಣು ಮತ್ತು ಮೆಣಸಿನಕಾಯಿ, ಇವುಗಳನ್ನು ನೋಡಿಯೇ ಕರೆಗಂಟೆ ಒತ್ತುವ ಮೊದಲು ಯಾವ ಭಾಷೆಯಲ್ಲಿ ಮಾತು ಶುರುಮಾಡಬೇಕೆಂದು ಊಹಿಸಬಹುದು. ಡಿಸೆಂಬರ್ ಬಂತೆಂದರೆ ಈ ಸಾಲಿಗೆ ದುಂಡನೆಯ ಹಸಿರು ರೀತ್, ಅಂದರೆ ಕ್ರಿಸ್ಮಸ್ಸಿಗೆ ಬಾಗಿಲಿಗೆ ತೂಗುಹಾಕುವ ಎಲೆಗಳ ಚಕ್ರ, ಬಂದು ಸೇರುತ್ತದೆ. ಬಾಂದ್ರಾದಲ್ಲಿ, ಮಲಾಡಿನ ಓರ್ಲೆಂನಲ್ಲಿ, ಮಜಗಾಂವಿನ ಮಾಥಾರಪಾಕಡಿಯ ಹಳೆಯ ಮನೆಗಳಲ್ಲಿ ಅದು ಮೊದಲಿನಿಂದಲೂ ಇದ್ದದ್ದೇ. ಈಚೆಗೆ ಕ್ರೈಸ್ತರಲ್ಲದವರ ಬಾಗಿಲುಗಳಲ್ಲಿಯೂ ಕಾಣಿಸಿಕೊಳ್ಳತೊಡಗಿದೆ. ಕ್ರಾಫರ್ಡ್ ಮಾರ್ಕೆಟಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಪೈನ್ ಎಲೆಗಳ ರೀತ್‌ಗಳು ಗೊಂಚಲು ಗೊಂಚಲಾಗಿ ತೂಗಾಡುತ್ತಿರುವಾಗ ಅದನ್ನು ಕೈಯಲ್ಲಿ ಮಾಡುತ್ತ ಕೂರುವ ಕರ್ಮ ಯಾರಿಗೆ ಬೇಕು ಎಂದು ಕೇಳಬಹುದು. ಬೇಕಾದವರು ಇದ್ದಾರೆ. ಅವರೆಲ್ಲ ಎಪ್ಪತ್ತು ದಾಟಿದವರು.

ನಮ್ಮ ಉಪನಗರದ ಕನ್ನಡಿಗ ಹಿರಿಯರು ವಾರಕ್ಕೊಮ್ಮೆ ಸೊಸೈಟಿಯ ಸಭಾಗೃಹದಲ್ಲಿ ಸೇರುತ್ತಾರೆ. ಸ್ವಲ್ಪ ಭಜನೆ, ಸ್ವಲ್ಪ ರಕ್ತದೊತ್ತಡದ ತಪಾಸಣೆ, ಉಳಿದಂತೆ ಮಂಡಿನೋವಿನ ವಿಚಾರ ವಿನಿಮಯ. ಅಲ್ಲಿ ರೀತ್‌ನ ಪ್ರಸ್ತಾಪ ತೆಗೆದವರು ಮಂಗಳೂರು ಕಡೆಯ ಒಬ್ಬ ಬಾಯಮ್ಮ, ಅಂದರೆ ಕ್ರೈಸ್ತ ಹಿರಿಯೆ. ವಸ್ತುವನ್ನು ಬೆರಳಿನಿಂದ ಗಾಳಿಯಲ್ಲಿ ದುಂಡಗೆ ಬರೆದು ತೋರಿಸಿದಾಗ, ದೂರದರ್ಶನದಲ್ಲಿ ಹುತಾತ್ಮರಿಗೆ ಅರ್ಪಿಸುವ ಪುಷ್ಪಚಕ್ರವನ್ನಷ್ಟೇ ಕಂಡಿದ್ದ ಹಿರಿಯರೊಬ್ಬರು ಗಾಬರಿಯಿಂದ, ‘ಯಾರು ಹೋದರು ಬಾಯಮ್ಮ?’ ಎಂದು ಕೇಳಿದರು. ಯಾರೂ ಹೋಗಿಲ್ಲ, ಯೇಸು ಬರುತ್ತಿದ್ದಾನೆ ಎಂಬ ಉತ್ತರ ಬಂದ ಮೇಲೆ ಸಭೆ ನಿರಾಳವಾಯಿತು.

ಹಿರಿಯರಿಗೆಂದು ಹೇಳುವ ಕರಕುಶಲಗಳ ಬಗ್ಗೆ ನನಗೊಂದು ತಕರಾರಿದೆ. ಕಾಗದದ ತಟ್ಟೆಯ ನಡುವೆ ತೂತು ಕೊರೆದು, ಅದಕ್ಕೆ ಹತ್ತಿಯ ಉಂಡೆ ಅಂಟಿಸಿ, ಮೇಲೊಂದು ಮಿನುಗು ನಕ್ಷತ್ರ ಇಟ್ಟು ‘ಎಷ್ಟು ಚೆಂದ ಮಾಡಿದ್ದೀರಿ ಅಜ್ಜಿ’ ಎಂದು ಚಪ್ಪಾಳೆ ತಟ್ಟುವುದು ಬಾಲವಾಡಿಯ ಪಾಠವನ್ನು ಇನ್ನೊಮ್ಮೆ ಓದಿಸಿದಂತೆ. ನಲವತ್ತು ವರ್ಷ ಮನೆ ನಡೆಸಿದ ಹೆಂಗಸಿಗೆ ಕಾಗದದ ತಟ್ಟೆ ಕೊಡಬಾರದು. ಬಟ್ಟೆ, ತಂತಿ, ದಾರ, ಎಲೆ ಕೊಡಬೇಕು. ಸರಳವಾಗಿರಬೇಕಾದದ್ದು ಕೈಯ ಕೆಲಸವೇ ಹೊರತು ಮಾಡಿದ ವಸ್ತುವಲ್ಲ. ಬೆರಳು ನೋಯದಂತೆ ಮಾಡಬಲ್ಲದ್ದಾಗಿರಬೇಕು, ಮಾಡಿದ ಮೇಲೆ ಮೊಮ್ಮಗ ದಾಕ್ಷಿಣ್ಯಕ್ಕಲ್ಲದೆ ನಿಜವಾಗಿಯೂ ಬಾಗಿಲಿಗೆ ಹಾಕುವಂತಿರಬೇಕು.

ಹಸಿ ಎಲೆಯ ರೀತ್ ಮೊದಲ ಆಸೆ. ವಸಾಯಿಯ ಸುರುಚಿ ಬಾಗ್ ಕಡಲತೀರದಲ್ಲಿ ಸರ್ವೆ ಮರಗಳ ತೋಪೇ ಇದೆ. ಪೈನ್ ಬೆಳೆಯದ ನಮ್ಮ ಕರಾವಳಿಯಲ್ಲಿ ಕ್ರಿಸ್ಮಸ್ ಗಿಡದ ಪಾತ್ರವನ್ನು ಬಹುಕಾಲದಿಂದ ವಹಿಸಿಕೊಂಡು ಬಂದಿರುವುದು ಸರ್ವೆಯ ಕೊಂಬೆಯೇ. ಅದರ ಪುಟ್ಟ ಮುಳ್ಳುಮುಳ್ಳಾದ ಕಾಯಿಗಳಂತೂ ಅಲಂಕಾರಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಆದರೆ ಯುರೋಪಿನ ಚಳಿಯಲ್ಲಿ ವಾರಗಟ್ಟಲೆ ಹಸಿರಾಗಿಯೇ ಇರುವ ಕೊಂಬೆಗೂ ಮುಂಬಯಿಯ ಡಿಸೆಂಬರಿನ ಬಿಸಿಲಿಗೂ ಹೋಲಿಕೆಯಿಲ್ಲ. ಇಲ್ಲಿ ಕಿತ್ತ ಎಲೆ ಹಬ್ಬದವರೆಗೆ ತಡೆಯದೆ ಕಂದಾಗಿ ಉದುರಲು ತೊಡಗುತ್ತದೆ. ಹಾಗಾಗಿ ಕಾಯಿಗಳನ್ನು ಉಳಿಸಿಕೊಂಡು, ಹಸಿರನ್ನು ಬಟ್ಟೆಯಿಂದ ತರುವುದೇ ಜಾಣತನ.

ಬಟ್ಟೆಗೇನು ಬರ? ಮುಂಬಯಿಯ ಪ್ರತಿಯೊಬ್ಬ ಗೃಹಿಣಿಯ ಕಪಾಟಿನಲ್ಲಿ ಅರಿಶಿನ ಕುಂಕುಮಕ್ಕೆ ಹೋದಾಗ ತೆಂಗಿನಕಾಯಿಯ ಜೊತೆ ಕೊಟ್ಟ ರವಿಕೆ ಕಣಗಳ ಒಂದು ಗಂಟು ಇದ್ದೇ ಇರುತ್ತದೆ. ಅದನ್ನು ಹೊಲಿಸುವವರು ಯಾರೂ ಇಲ್ಲ. ಅದು ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಇನ್ನೊಂದಕ್ಕೆ ಸಂಚರಿಸುತ್ತ, ಕೆಲವೊಮ್ಮೆ ಕೊಟ್ಟವರ ಉಡಿಗೇ ಮರಳುವುದೂ ಉಂಟು. ಮಡಿಲು ತುಂಬಲು ಹಸಿರೇ ಶ್ರೇಷ್ಠವೆಂದು ಭಾವಿಸುವ ಊರಾದ್ದರಿಂದ ಆ ಗಂಟಿನಲ್ಲಿ ಹಸಿರು ಕಣಗಳದ್ದೇ ಬಹುಮತ. ಲೆಕ್ಕವೂ ವಿಸ್ಮಯಪಡುವಷ್ಟು ಸರಿಯಾಗಿ ಕೂರುತ್ತದೆ. ಲಾಂಡ್ರಿಯವರು ಕೊಡುವ ತಂತಿಯ ಹ್ಯಾಂಗರನ್ನು ಎಳೆದು ದುಂಡಗೆ ಮಾಡಿದರೆ ಹೆಚ್ಚು ಕಡಿಮೆ 12 ಅಂಗುಲ ಅಡ್ಡಳತೆಯ ಬಳೆಯಾಗುತ್ತದೆ; ಅದರ ಸುತ್ತಳತೆ ಸುಮಾರು 38 ಅಂಗುಲ. ಅಂಗುಲಕ್ಕೆ ನಾಲ್ಕು ಗಂಟಿನಂತೆ ಹಾಕಿದರೆ 150 ಪಟ್ಟಿಗಳು ಬೇಕು. ಒಂದಂಗುಲ ಅಗಲ, ಏಳಂಗುಲ ಉದ್ದದ ಪಟ್ಟಿಗಳು 80 ಸೆಂಟಿಮೀಟರಿನ ಒಂದು ಕಣದಿಂದ ಹತ್ತಿರ ಹತ್ತಿರ ಅಷ್ಟೇ ಸಿಗುತ್ತವೆ. ಒಂದು ಕಣ, ಒಂದು ಹ್ಯಾಂಗರ್, ಒಂದು ರೀತ್. ನೇತುಹಾಕಲು ಕೊಕ್ಕೆಯೂ ಹ್ಯಾಂಗರಿನಲ್ಲಿಯೇ ಇದೆ.

ಹತ್ತಿಯ ಕಣವಾದರೆ ಕತ್ತರಿಯ ಗೊಡವೆಯೂ ಇಲ್ಲ. ಅಂಚಿನಲ್ಲಿ ಒಂದು ಸಣ್ಣ ಗಾಯ ಮಾಡಿ ಎಳೆದರೆ ನೂಲಿನ ನೇರಕ್ಕೇ ಪರ್ರನೆ ಹರಿಯುತ್ತದೆ, ಸಂಧಿವಾತದ ಬೆರಳುಗಳಿಗೆ ಕತ್ತರಿಯ ಕಣ್ಣಿನೊಳಗೆ ಹೊಕ್ಕು ಹೊರಡುವ ಯಾತನೆ ತಪ್ಪುತ್ತದೆ. (ಬಟ್ಟೆ ಹರಿಯುವುದರಲ್ಲಿ ಹಿರಿಯ ಮಹಿಳೆಯರಿಗೆ ಇಷ್ಟೊಂದು ಸಂತೋಷವಿದೆಯೆಂದು ನಾನು ತಿಳಿದಿರಲಿಲ್ಲ, ಕೆಲವರು ಹರಿಯುವಾಗ ಯಾರನ್ನು ನೆನೆಸಿಕೊಳ್ಳುತ್ತಿದ್ದರೋ ಕೇಳಲಿಲ್ಲ.) ಪಟ್ಟಿಯನ್ನು ತಂತಿಯ ಸುತ್ತ ತಂದು ಒಂದು ಗಂಟು ಹಾಕಿದರೆ ಮುಗಿಯಿತು. ಗಂಟುಗಳು ತಂತಿಯ ಮೇಲೆ ಜಾರುವುದರಿಂದ ಎಲ್ಲಿ ತೆಳುವಾಯಿತೋ ಅಲ್ಲಿಗೆ ಹೆಬ್ಬೆರಳಿನಿಂದ ತಳ್ಳಿ ದಟ್ಟವಾಗಿಸಬಹುದು, ಕೈ ಸೋತಲ್ಲಿ ಬಿಟ್ಟು ಪಕ್ಕದವರಿಗೆ ದಾಟಿಸಬಹುದು. ಕಣ್ಣಿನ ಪೊರೆಯವರಿಗಾಗಿ ಮೇಜಿನ ಮೇಲೊಂದು ಬಿಳಿಯ ಹೊದಿಕೆ ಹಾಸಿದರೆ ಹಸಿರು ಪಟ್ಟಿ ಎದ್ದು ಕಾಣುತ್ತದೆ. ಬೆಳಗಿನ ಹೊತ್ತು ಕೀಲುಗಳು ಬಿಗಿದುಕೊಂಡಿರುವುದರಿಂದ ಮಧ್ಯಾಹ್ನದ ಚಹಾದ ಮೇಲೆ ಕೂರುವುದು ವಾಸಿ.

ಈ ಕೆಲಸದಲ್ಲಿ ಎಲ್ಲರನ್ನೂ ಮೀರಿಸಿದವರು ಒಬ್ಬ ಗಂಡಸರು ಎಂದರೆ ಮಹಿಳಾಮಣಿಗಳಿಗೆ ಇಂದಿಗೂ ಸಿಟ್ಟು. ಮಾಟುಂಗದ ಉಡುಪಿ ಹೋಟೆಲೊಂದರ ಪಾರ್ಸೆಲ್ ಕೌಂಟರಿನಲ್ಲಿ ಆಯುಷ್ಯ ಕಳೆದವರವರು. ಬಾಳೆಲೆಯ ಮೇಲೆ ಇಡ್ಲಿ, ಅದಕ್ಕೆ ಕಾಗದ, ಮೇಲಿಂದ ಇಳಿಬಿದ್ದ ದಾರವನ್ನು ಎಳೆದು ಎರಡು ಸುತ್ತು, ಬೆರಳಿಗೆ ಸಿಕ್ಕಿಸಿ ಚಟಕ್ಕನೆ ತುಂಡು ಮಾಡುವುದು. ಆ ಕೈ ಅದನ್ನು ಮರೆತಿಲ್ಲ. ಗೆಣ್ಣುಗಳು ಉಬ್ಬಿ ತೋರುಬೆರಳು ಒಂದು ಕಡೆಗೆ ಬಾಗಿದ್ದರೂ ಪಟ್ಟಿ ಅವರ ಕೈಗೆ ಬಂದೊಡನೆ ತಾನಾಗಿಯೇ ಸುತ್ತಿಕೊಂಡು ಗಂಟಾಗುತ್ತದೆ. ಪ್ರತಿ ರೀತ್ ಮುಗಿದಾಗಲೂ ಅದನ್ನು ಮೇಜಿನಾಚೆ ತಳ್ಳಿ, ‘ಬಾಯಮ್ಮ, ನಿಮ್ಮ ಪಾರ್ಸೆಲ್ ರೆಡಿ’ ಎನ್ನುತ್ತಾರೆ.

ತಂತಿಯ ಬಳೆಗೆ ಮರದ ಬಟ್ಟೆ ಕ್ಲಿಪ್ಪುಗಳನ್ನು ಒತ್ತೊತ್ತಾಗಿ ಸಿಕ್ಕಿಸಿ ಹಸಿರು ಬಳಿಯುವ ಇನ್ನೊಂದು ಬಗೆಯೂ ಇದೆ. ಕ್ಲಿಪ್ಪು ಹಿಚುಕುವುದು ಬೆರಳಿಗೆ ವ್ಯಾಯಾಮವೆಂದು ಹೇಳುತ್ತಾರೆ. ನನಗೆ ಮಾತ್ರ ಅದು ಒಣಗಲು ಹಾಕಿದ ಹಬ್ಬದಂತೆ ಕಾಣುತ್ತದೆ. ಅಂಟಿನ ವಿಷಯದಲ್ಲಿ ಒಂದು ಎಚ್ಚರಿಕೆ: ಗ್ಲೂ ಗನ್ನನ್ನು ಹಿರಿಯರ ಮೇಜಿನಿಂದ ದೂರವಿಡಬೇಕು. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳು ಜಡವಾದವರಿಗೆ ಸುಟ್ಟದ್ದೂ ಚುಚ್ಚಿದ್ದೂ ತಕ್ಷಣ ತಿಳಿಯುವುದಿಲ್ಲ. ಫೆವಿಕಾಲ್ ನಿಧಾನ, ಆದರೆ ನಮ್ಮಲ್ಲಿ ಅವಸರ ಯಾರಿಗಿದೆ? ಯುರೋಪಿನ ಹಾಲಿ ಎಂಬ ಗಿಡದ ಕೆಂಪು ಹಣ್ಣುಗಳ ಬದಲಿಗೆ ಗುಲಗಂಜಿ ಅಂಟಿಸೋಣವೆಂದು ಒಬ್ಬರು ಡಬ್ಬಿಯನ್ನೇ ತಂದಿದ್ದರು. ನೋಟಕ್ಕೆ ಅದನ್ನು ಮೀರಿಸಿದ ಕೆಂಪಿಲ್ಲ ನಿಜ, ಆದರೆ ಅಗಿದು ನುಂಗಿದರೆ ಘೋರ ವಿಷ; ಮೊಮ್ಮಕ್ಕಳು ಓಡಾಡುವ ಮನೆಗೂ, ಮರೆವಿನ ಕಾಯಿಲೆಯವರು ಕೂರುವ ಮೇಜಿಗೂ ಅದು ಸಲ್ಲದು. ಹಳೆಯ ಅಂಗಿಗಳ ಕೆಂಪು ಗುಂಡಿಗಳು ಸಾಕು.

ಬಾಗಿಲಿನ ರೀತ್ ಬೇರೆ, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆಯ ಕಾಲವಾದ ಅಡ್ವೆಂಟಿನ ರೀತ್ ಬೇರೆ ಎಂದು ಬಾಯಮ್ಮ ಖಡಾಖಂಡಿತವಾಗಿ ಹೇಳುತ್ತಾರೆ. ಎರಡನೆಯದನ್ನು ಮೇಜಿನ ಮೇಲೆ ಮಲಗಿಸಿ ನಾಲ್ಕು ಮೇಣದಬತ್ತಿ ನಿಲ್ಲಿಸಬೇಕು, ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯ ಸರದಿ ಮೂರನೆಯ ಭಾನುವಾರ. ಇದರ ಮೂಲಪುರುಷನೆಂದು ಹೇಳಲಾಗುವ ಯೋಹಾನ್ ಹಿನ್ರಿಶ್ ವಿಚರ್ನ್ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಪಾದ್ರಿ. ಕ್ರಿಸ್ಮಸ್ ಯಾವಾಗ, ಯಾವಾಗ ಎಂಬ ಮಕ್ಕಳ ಕಾಟ ತಾಳಲಾರದೆ 1839ರಲ್ಲಿ ಹಳೆಯ ಬಂಡಿಯ ಚಕ್ರವೊಂದಕ್ಕೆ ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ ಇಟ್ಟು, ದಿನಕ್ಕೊಂದರಂತೆ ಹಚ್ಚತೊಡಗಿದನಂತೆ. ನಮ್ಮ ಮಂಡಳಿಯ ಕ್ಯಾಲೆಂಡರು ಬೇರೆ. ಅಡ್ವೆಂಟಿನ ಮೊದಲ ಭಾನುವಾರ ಬರುವುದು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ. ಸರಿಯಾಗಿ ಆ ಹೊತ್ತಿಗೆ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಟ್ಟು ಮುಗಿಸಿರುತ್ತಾರೆ. ಅದಾದ ಮೇಲೆಯೇ ರೀತ್, ಬತ್ತಿ ಎಲ್ಲ. ಬಟ್ಟೆಯ ರೀತ್‌ನ ನಡುವೆ ನಿಜವಾದ ದೀಪ ಹಚ್ಚುವಂತಿಲ್ಲವಾದ್ದರಿಂದ ಸೆಲ್ಲಿನ ಬತ್ತಿಗಳನ್ನು ಇಡಲು ಬಾಯಮ್ಮ ಒಲ್ಲದ ಮನಸ್ಸಿನಿಂದ ಒಪ್ಪಿದ್ದಾರೆ.

ಒಪ್ಪದಿರುವುದು ಒಂದೇ ವಿಷಯಕ್ಕೆ. ಶಿಶು ಯೇಸುವನ್ನು ಕಾಣಲು ಬಂದ ಮೂರು ರಾಯರ ಜನವರಿ 6ರ ಹಬ್ಬಕ್ಕೆ ರೀತ್ ಇಳಿಯಲೇಬೇಕೆಂದು ಅವರ ವಾದ. ಬಟ್ಟೆಯದ್ದಲ್ಲವೆ, ಒಗೆದು ದಿಂಬಿನ ಚೀಲದಲ್ಲಿ ಹಾಕಿ ಅಟ್ಟಕ್ಕೇರಿಸಿದರೆ ಮುಂದಿನ ವರ್ಷಕ್ಕಾಯಿತು ಎನ್ನುತ್ತಾರೆ. ಆದರೆ ಮೂರನೆಯ ಮಹಡಿಯ ಅಜ್ಜಿ ಕೆಂಪು ರಿಬ್ಬನ್ ಬಿಚ್ಚಿಟ್ಟು, ಆ ಜಾಗಕ್ಕೆ ಸಂಕ್ರಾಂತಿಯ ಗಾಳಿಪಟದ ಚೂರೊಂದನ್ನು ಕಟ್ಟಿದ್ದಾರೆ. ಕೇಳಿದರೆ, ಕಣ ನನ್ನದು, ಹ್ಯಾಂಗರ್ ನನ್ನದು, ರಿಬ್ಬನ್ ಮಾತ್ರ ಬಾಯಮ್ಮನದು, ಅದನ್ನು ಮಡಿಚಿ ಇಟ್ಟಿದ್ದೇನೆ, ಬಂದು ಒಯ್ಯಲಿ ಎನ್ನುತ್ತಾರೆ.