ಟೋಬಾ ಬೂದಿ ಬೀಳುವಾಗ ಇಲ್ಲಿದ್ದವರು ನಮ್ಮಂಥ ಮನುಷ್ಯರೇನಾ (ಹೋಮೋ ಸೇಪಿಯನ್ಸ್)?

ಪರ: ಹೌದು, ನಮ್ಮಂಥವರೇ

ಆಂಧ್ರದ ಬಂಗನಪಲ್ಲಿ ಅಂದರೆ ಮಾವಿನಹಣ್ಣು ನೆನಪಾಗುತ್ತದೆ, ಅಲ್ವಾ? ಅದೇ ಸೀಮೆಯ ಜುರ್ರೇರು ಕಣಿವೆಯಲ್ಲಿ ಜ್ವಾಲಾಪುರಂ ಎಂಬ ಹಳ್ಳಿಯಿದೆ. ಅಲ್ಲಿ ನೆಲ ಅಗೆದರೆ ಬಿಳಿ ಬೂದಿ ಸಿಗುತ್ತದೆ. ಪಾತ್ರೆ ತಿಕ್ಕುವ ಪುಡಿಗೆಂದು ಅದನ್ನು ತೋಡಿ ಸಾಗಿಸುತ್ತಿದ್ದರು. ಅದು ಸುಮಾರು 74,000 ವರ್ಷಗಳ ಹಿಂದೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿ ಸಿಡಿದಾಗ ಇಲ್ಲಿಯವರೆಗೂ ಹಾರಿ ಬಂದ ಬೂದಿ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಲಿಯಾ ಮತ್ತು ಸಂಗಡಿಗರು ಅಲ್ಲಿ ಅಗೆದರು. ಬೂದಿಯ ಕೆಳಗೂ ಕಲ್ಲಿನ ಆಯುಧ, ಮೇಲೂ ಕಲ್ಲಿನ ಆಯುಧ! ಕೆತ್ತಿದ ರೀತಿಯೂ ಹೆಚ್ಚುಕಡಿಮೆ ಒಂದೇ. ಆಫ್ರಿಕಾದ ನಮ್ಮ ಪೂರ್ವಜರು ಕಲ್ಲು ಕೆತ್ತುತ್ತಿದ್ದ ರೀತಿಗೆ ಇದು ಹತ್ತಿರವಾಗಿದೆ ಎಂದು 2007ರಲ್ಲಿ ಅವರು ಪ್ರಕಟಿಸಿದರು. ಬೂದಿಯ ಕೆಳಗೆ ಉಜ್ಜಿದ ಗುರುತಿರುವ ಕೆಮ್ಮಣ್ಣಿನ ತುಂಡೂ ಸಿಕ್ಕಿತು. ಬಣ್ಣದ ಮಣ್ಣನ್ನು ಯಾರಾದರೂ ಸುಮ್ನೆ ಉಜ್ಜುತ್ತಾರೆಯೇ?

ಇದೊಂದೇ ಜಾಗವಲ್ಲ. ಮಧ್ಯಪ್ರದೇಶದ ಸೋನ್ ಕಣಿವೆಯ ಧಾಬಾದಲ್ಲೂ ಸುಮಾರು 80,000 ವರ್ಷಗಳ ಹಿಂದಿನಿಂದ ಆಯುಧಗಳ ಸಾಲು ಕಡಿಯದೆ ಬಂದಿದೆ. ಅಷ್ಟು ದೊಡ್ಡ ಸ್ಫೋಟವನ್ನೂ ತಾಳಿಕೊಂಡವರು ಇವರು.

ವಿರೋಧ: ಮೂಳೆ ಎಲ್ಲಿದೆ?

ಯಾರೋ ತಾಳಿಕೊಂಡರು, ಅದನ್ನು ಒಪ್ಪುತ್ತೇನೆ. ಆದರೆ ಯಾರು? ಜ್ವಾಲಾಪುರಂನ ಆ ಪದರಗಳಲ್ಲಿ ಮನುಷ್ಯನ ಒಂದು ಹಲ್ಲೂ ಸಿಕ್ಕಿಲ್ಲ. ಕಲ್ಲು ನೋಡಿ ಕೆತ್ತಿದವನ ಕುಲ ಹೇಳುವುದು ಕಷ್ಟ.

ತಮಿಳುನಾಡಿನ ಅತ್ತಿರಂಪಾಕ್ಕಂ ನೋಡಿ. ಚಕ್ಕೆ ಎಬ್ಬಿಸಿ ಆಯುಧ ಮಾಡುವ ಮಧ್ಯ ಹಳೆ ಶಿಲಾಯುಗದ ವಿದ್ಯೆ ಅಲ್ಲಿ 3,85,000 ವರ್ಷಗಳಷ್ಟು ಹಳೆಯದೆಂದು ಶಾಂತಿ ಪಪ್ಪು ಅವರ ತಂಡ 2018ರಲ್ಲಿ ತೋರಿಸಿತು. ನಮ್ಮಂಥ ಮನುಷ್ಯರ ಅತಿ ಹಳೆಯ ಮೂಳೆಗಳು ಮೊರಾಕ್ಕೋದಲ್ಲಿ ಸಿಕ್ಕಿವೆ. ಅವುಗಳಿಗೇ ಸುಮಾರು 3,00,000 ವರ್ಷ! ಅಂದರೆ ನಾವಿಲ್ಲದೆಯೂ ಇಲ್ಲಿ ಒಳ್ಳೆ ಆಯುಧ ತಯಾರಾಗುತ್ತಿತ್ತು. ಇನ್ನು ಕೆಮ್ಮಣ್ಣು? ಯುರೋಪಿನ ನಿಯಾಂಡರ್ತಲರೂ (ಈಗ ಅಳಿದುಹೋದ ಬೇರೆ ಬಗೆಯ ಮನುಷ್ಯರು) ಅದನ್ನು ಬಳಸಿದ್ದಾರೆ.

ನನಗೆ ಜಾಸ್ತಿ ಗಟ್ಟಿ ಅನ್ನಿಸುವುದು ವಂಶವಾಹಿಗಳ ಮಾತು. ಆಫ್ರಿಕಾದ ಹೊರಗಿನ ಎಲ್ಲ ಜನರಲ್ಲೂ ನಿಯಾಂಡರ್ತಲರ ಚೂರು ಅಂಶವಿದೆ, ನಮ್ಮಲ್ಲೂ ಇದೆ. ಆ ಬೆರಕೆ ನಡೆದದ್ದು ಹತ್ತಿರ ಹತ್ತಿರ 50,000 ವರ್ಷಗಳ ಹಿಂದೆ. ಟೋಬಾ ಸಿಡಿದು ಆಗಲೇ ಇಪ್ಪತ್ತು ಸಾವಿರ ವರ್ಷ ಕಳೆದಿತ್ತು. ಎಲ್ಲರಲ್ಲೂ ಅದೇ ಬೆರಕೆ ಇದೆ ಅಂದರೆ ನಮ್ಮ ಪೂರ್ವಜರು ಅದಾದ ಮೇಲೆಯೇ ಇಲ್ಲಿಗೆ ಹರಡಿದರು ಅಂತಾಯಿತು. ಹಾಗಾಗಿ ಬೂದಿಗೆ ಮುಂಚೆ ನಮ್ಮಂಥವರು ಬಂದಿದ್ದರೂ ಇವತ್ತಿನ ನಮ್ಮೊಳಗೆ ಅವರ ಪಾಲು ಇದ್ದರೂ ತೀರಾ ಕಡಿಮೆ. ಬಂದು ಅಳಿದುಹೋದ ಗುಂಪುಗಳೂ ಇದ್ದವಲ್ಲ!

ಇನ್ನೊಂದು ಸಾಧ್ಯತೆಯನ್ನು ಪರ ವಾದದವರು ಮುಟ್ಟುವುದೇ ಇಲ್ಲ. 1982ರಲ್ಲಿ ನರ್ಮದೆಯ ದಡದ ಹತ್ನೋರಾದಲ್ಲಿ ಭೂವಿಜ್ಞಾನಿ ಅರುಣ್ ಸೊನಾಕಿಯಾ ಅವರಿಗೆ ಒಂದು ತಲೆಬುರುಡೆ ಸಿಕ್ಕಿತು. ಅದು ನಮ್ಮಂಥವರದ್ದಲ್ಲ, ನಮಗಿಂತ ಹಳೆಯ ಬಗೆಯ ಮನುಷ್ಯರದ್ದು. ಅವರ ಸಂತತಿಯೇ ಜುರ್ರೇರು ದಡದಲ್ಲಿ ಕಲ್ಲು ಕೆತ್ತುತ್ತಾ, ಬೂದಿ ಕೊಡವಿಕೊಂಡು ಮತ್ತೆ ಕೆಲಸಕ್ಕೆ ಕೂತಿರಬಹುದಲ್ಲ?